ಸೂಪರ್‌ಹೀರೊ ಆನ್‌ಲೈನ್ ಆಟ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಕೋಡಿಬಾಗದಿಂದ ನಾನು, ಶಿರಸಿ ಹತ್ತಿರದ ತೋಟದ ಮನೆಯಿಂದ ಕಾಲೇಜಿನ ಹಳೇ ಗೆಳೆಯ, ಕುಮಟೆಯಿಂದ ಅಕ್ಕನ ಮಗ. ಈ ಮೂವರು ಸೇರಿ ‘ಸಿಟಿ ಆಫ್ ಹೀರೋಸ್’ ಆಡಲು ಶುರುಮಾಡಿ ಕೆಲವು ಮಳೆಗಾಲ ಕಳೆದವು. ಮದುವೆ ಊಟದ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ವಾಟ್ಸಾಪ್‌ನಲ್ಲಿ ಅವೇ ಪ್ರಶ್ನೆಗಳು ಬರುತ್ತಲೇ ಇವೆ. ಒಂದೇ ಉತ್ತರವನ್ನು ಟೈಪ್ ಮಾಡಿ ಮಾಡಿ ಬೆರಳು ಸೋತಿದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಇದು ಎಂಥ ಆಟ? ಗುಂಡು ಹೊಡೆಯುವುದೋ?

ಅಲ್ಲ. ನೀವೇ ಒಬ್ಬ ಸೂಪರ್‌ಹೀರೊವನ್ನು ತಯಾರು ಮಾಡುತ್ತೀರಿ. ಅವನಿಗೆ ಹೆಸರು, ವೇಷ, ಶಕ್ತಿ, ಕತೆ ಎಲ್ಲ ನಿಮ್ಮದೇ. ಆಮೇಲೆ ಪ್ಯಾರಗಾನ್ ಸಿಟಿ ಎಂಬ ಊರಿನಲ್ಲಿ ಅವನನ್ನು ಇಳಿಸುತ್ತೀರಿ. ಆ ಊರು ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದಲ್ಲಿದೆ ಎಂದು ಕಲ್ಪನೆ. ಅಲ್ಲಿ ನಿಮ್ಮಂಥವರೇ ನೂರಾರು ಜನ ಹಾರುತ್ತ, ಜಿಗಿಯುತ್ತ, ಬೀದಿ ಪುಂಡರಿಗೆ ಹೊಡೆಯುತ್ತ ಇರುತ್ತಾರೆ. ಲೆವೆಲ್ 1ರಿಂದ 50ರವರೆಗೆ ಏರುವುದು, ನಡುನಡುವೆ ಹೊಸ ಶಕ್ತಿ ಆರಿಸಿಕೊಳ್ಳುವುದು, ಎಂಟು ಜನರವರೆಗೆ ತಂಡ ಕಟ್ಟಿ ಮಿಷನ್‌ಗೆ ಹೋಗುವುದು. ಇಷ್ಟೇ ಆಟ. ಕ್ರಿಪ್ಟಿಕ್ ಸ್ಟುಡಿಯೋಸ್ ಮಾಡಿ, ಕೊರಿಯಾದ ಎನ್‌ಸಿಸಾಫ್ಟ್ 2004ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಆಟ ಇದು.

ಅದು ಮುಚ್ಚಿಹೋಗಿದೆ ಎಂದು ಕೇಳಿದ್ದೆ. ಈಗ ಆಡುವುದು ಕಳ್ಳತನ ಅಲ್ಲವೇ?

ಮುಚ್ಚಿದ್ದು ನಿಜ. 2012ರ ಆಗಸ್ಟ್ ಕೊನೆಯ ದಿನ ಸುದ್ದಿ ಹೊರಬಿತ್ತು, ನವೆಂಬರ್ 30ಕ್ಕೆ ಸರ್ವರ್‌ಗಳನ್ನು ಆರಿಸಿದರು. ಆಟಗಾರರು ಸಹಿ ಸಂಗ್ರಹಿಸಿದರು, ಆಟದೊಳಗಿನ ಅಟ್ಲಾಸ್ ಪಾರ್ಕ್ ಎಂಬ ವಲಯದಲ್ಲಿ ಪಂಜು ಹಿಡಿದು ಸಾಲುಗಟ್ಟಿ ನಿಂತರು. ಏನೂ ಆಗಲಿಲ್ಲ.

ಮುಂದಿನ ಕತೆ ಆಟದ ಕತೆಗಿಂತ ಚೆನ್ನಾಗಿದೆ. ಸರ್ವರ್‌ನ ಕೋಡ್ ಕೆಲವರ ಕೈಗೆ ಸಿಕ್ಕಿತ್ತು. ಅವರು ವರ್ಷಗಟ್ಟಲೆ ಗುಟ್ಟಾಗಿ, ಗೊತ್ತಿದ್ದವರಿಗೆ ಮಾತ್ರ ಬಾಗಿಲು ತೆರೆದು ಆಟ ನಡೆಸುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ಗುಟ್ಟು ರಟ್ಟಾಯಿತು. ಉಳಿದವರಿಗೆ ಸಿಟ್ಟು ಬಂದದ್ದು ಆಟ ನಡೆಸಿದ್ದಕ್ಕಲ್ಲ, ತಮ್ಮನ್ನು ಕರೆಯದೆ ನಡೆಸಿದ್ದಕ್ಕೆ. ನೆರೆಮನೆಯ ಊಟಕ್ಕೆ ನಮಗೆ ಮಾತ್ರ ಹೇಳಿಕೆ ಬಾರದಿದ್ದಾಗ ಆಗುತ್ತದಲ್ಲ, ಅಂಥ ಸಿಟ್ಟು. ಕೆಲವೇ ದಿನಗಳಲ್ಲಿ ಕೋಡ್ ಎಲ್ಲರಿಗೂ ಸಿಕ್ಕಿತು, ಸರ್ವರ್ ನಡೆಸುವ ಹಲವು ಗುಂಪುಗಳು ಹುಟ್ಟಿದವು. ಅವುಗಳಲ್ಲಿ ದೊಡ್ಡದು ಹೋಮ್‌ಕಮಿಂಗ್. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅದಕ್ಕೆ ಅಧಿಕೃತ ಪರವಾನಗಿ ಕೊಟ್ಟಿತು. ಹಾಗಾಗಿ ಹೋಮ್‌ಕಮಿಂಗ್‌ನಲ್ಲಿ ಆಡುವವರು ಯಾರಿಗೂ ಹೆದರಬೇಕಿಲ್ಲ. ನಾವು ಆಡುವುದೂ ಅಲ್ಲೇ.

ಎಷ್ಟು ದುಡ್ಡು?

ಏನೂ ಇಲ್ಲ. ತಿಂಗಳ ಚಂದಾ ಇಲ್ಲ, ಒಳಗೆ ಅಂಗಡಿ ಇಲ್ಲ, ದುಡ್ಡು ಕೊಟ್ಟು ಬಿಚ್ಚುವ ಪೆಟ್ಟಿಗೆ ಇಲ್ಲ. ಸರ್ವರ್ ಖರ್ಚಿಗೆ ಆಗಾಗ ದೇಣಿಗೆ ತೆಗೆದುಕೊಳ್ಳುತ್ತಾರೆ, ಬೇಕಾದಷ್ಟು ಸೇರಿದ ಕೂಡಲೇ ನಿಲ್ಲಿಸುತ್ತಾರೆ. ಊರ ದೇವಸ್ಥಾನದ ಕಮಿಟಿ ಹಾಗೆ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ನಮ್ಮದು ಹಳೇ ಲ್ಯಾಪ್‌ಟಾಪ್. ನಡೆಯುತ್ತದೆಯೇ?

ನಡೆಯುತ್ತದೆ. ಹುಟ್ಟಿದ್ದು 2004ರಲ್ಲಿ ಎನ್ನುವುದನ್ನು ಮರೆಯಬೇಡಿ. ಗೆಳೆಯನ ಲ್ಯಾಪ್‌ಟಾಪ್ ಸೊಸೈಟಿಯ ಲೆಕ್ಕ ಬರೆಯಲು ತಂದದ್ದು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಫ್ಯಾನ್ ಹಸ್ಕಿಂಗ್ ಮಿಲ್ಲಿನಂತೆ ಸದ್ದು ಮಾಡುತ್ತದೆ. ಅದರಲ್ಲೂ ಆಡುತ್ತಾನೆ. ಒಂದು ಕೆಲಸ ಮಾಡಿ: 2010ರಲ್ಲಿ ಸೇರಿಸಿದ ‘ಅಲ್ಟ್ರಾ ಮೋಡ್’ ಎಂಬ ಚಿತ್ರ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಬಿಡಿ. ನೀರಿನ ಮೇಲಿನ ಪ್ರತಿಬಿಂಬ, ಮೃದುವಾದ ನೆರಳು ಹೋಗುತ್ತವೆ, ಆಟ ಸರಾಗವಾಗುತ್ತದೆ. ಮೊಬೈಲಿನಲ್ಲಿ ಇಲ್ಲ. ಇದನ್ನು ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ, ಅದಕ್ಕೇ ಹೇಳಿದೆ.

ಮಳೆಗಾಲದಲ್ಲಿ ನೆಟ್ ಹೀಗಿರುವಾಗ ಆನ್‌ಲೈನ್ ಆಟ ಸಾಧ್ಯವೇ?

ನಮ್ಮ ಜಿಲ್ಲೆಯವರು ಮೊದಲು ಕೇಳುವ ಪ್ರಶ್ನೆ ಇದೇ. ಜೂನ್ ಹೊಕ್ಕಿತೆಂದರೆ ಘಟ್ಟದ ಮೇಲೆ ಮರ ಬಿದ್ದು ಲೈನು ಹೋಗುತ್ತದೆ, ಕರಾವಳಿಯಲ್ಲಿ ಗಾಳಿಗೆ ಕರೆಂಟು ಹೋಗುತ್ತದೆ, ಕರೆಂಟು ಬಂದಾಗ ಟವರ್ ಇರುವುದಿಲ್ಲ.

ಗುಂಡು ಹೊಡೆಯುವ ಆಟಗಳಲ್ಲಿ ಅರ್ಧ ಸೆಕೆಂಡ್ ತಡವಾದರೆ ನೀವು ಸತ್ತಿರುತ್ತೀರಿ. ಇಲ್ಲಿ ಹಾಗಲ್ಲ. ಎದುರಾಳಿಯನ್ನು ಆರಿಸಿಕೊಂಡು ಶಕ್ತಿಯ ಬಟನ್ ಒತ್ತುತ್ತೀರಿ, ಏಟು ತಾಗಿತೋ ಇಲ್ಲವೋ ಎಂಬುದನ್ನು ಸರ್ವರ್ ದಾಳ ಉರುಳಿಸಿ ತೀರ್ಮಾನಿಸುತ್ತದೆ. ನಿಮ್ಮದೇ ಲೆವೆಲ್ಲಿನ ಸಾಮಾನ್ಯ ಪುಂಡನಿಗೆ ಏಟು ತಾಗುವ ಸಾಧ್ಯತೆ ಮೂಲದಲ್ಲಿ ನೂರಕ್ಕೆ 75. ಎಷ್ಟೇ ಬಲಿತರೂ 95 ದಾಟುವುದಿಲ್ಲ, ಎಷ್ಟೇ ಕೆಟ್ಟರೂ 5ಕ್ಕಿಂತ ಇಳಿಯುವುದಿಲ್ಲ. ಸಾಲಾಗಿ ಏಟು ತಪ್ಪುತ್ತಲೇ ಹೋದರೆ ಮುಂದಿನದನ್ನು ತಾನೇ ತಾಗಿಸಿಕೊಡುವ ದಯೆಯೂ ಲೆಕ್ಕದಲ್ಲಿದೆ. ಅಂದರೆ ನಿಮ್ಮ ಬೆರಳಿನ ಚುರುಕಿಗಿಂತ ನಿಮ್ಮ ಆಯ್ಕೆಗೆ ಬೆಲೆ ಹೆಚ್ಚು. ನೆಟ್ ಒಂದು ಕ್ಷಣ ಎಡವಿದರೆ ಏಟು ತಡವಾಗಿ ಬೀಳುತ್ತದೆ, ಅಷ್ಟೇ.

ಪೂರ್ತಿ ಕಡಿದೇಹೋದರೆ? ನಮ್ಮ ಗೆಳೆಯ ಮಿಷನ್ ನಡುವೆ ಮಾಯವಾಗುವುದು ವಾರಕ್ಕೆರಡು ಸಲವಾದರೂ ಇದ್ದದ್ದೇ. ತಂಡದ ಪಟ್ಟಿಯಲ್ಲಿ ಅವನ ಹೆಸರು ಮಸುಕಾಗಿ ಉಳಿದಿರುತ್ತದೆ. ನಾವು ಒಂದು ಮೂಲೆಯಲ್ಲಿ ಕಾಯುತ್ತೇವೆ. ಅವನು ಅಟ್ಟದ ಮೇಲೆ ಹತ್ತಿ, ಮೊಬೈಲನ್ನು ಹಂಚಿನ ಸಂದಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಹಿಡಿದು ವಾಪಸು ಬರುತ್ತಾನೆ. ಬಂದವನೇ ಬರೆಯುವುದು “ಎಲ್ಲಿಗೆ ಬಂತು?” ಎಂದು, ಯಕ್ಷಗಾನದ ಆಟಕ್ಕೆ ತಡವಾಗಿ ಬಂದು ಪ್ರಸಂಗ ಎಲ್ಲಿಗೆ ಬಂತೆಂದು ಪಕ್ಕದವರನ್ನು ಕೇಳುವ ಹಾಗೆ.

ಡೇಟಾ ಚಿಂತೆ ಬೇಡ. ಮೊದಲ ಸಲ ಇಳಿಸಿಕೊಳ್ಳುವಾಗ ಕೆಲವು ಜಿಬಿ ಹೋಗುತ್ತದೆ. ಅದನ್ನು ಪೇಟೆಗೆ ಹೋದಾಗ ಮಾಡಿಕೊಳ್ಳಿ. ಆಮೇಲೆ ಒಂದು ತಾಸು ಆಡುವುದಕ್ಕಿಂತ ಒಂದು ತಾಸು ವೀಡಿಯೊ ನೋಡುವುದೇ ದುಬಾರಿ.

ಯಾವ ಸರ್ವರ್? ಎಷ್ಟು ಹೊತ್ತಿಗೆ ಜನ ಸಿಗುತ್ತಾರೆ?

ಹೋಮ್‌ಕಮಿಂಗ್‌ನಲ್ಲಿ ಹಲವು ಇವೆ. ಎಕ್ಸೆಲ್ಸಿಯರ್, ಎವರ್‌ಲಾಸ್ಟಿಂಗ್, ಇಂಡಾಮಿಟಬಲ್, ಟಾರ್ಚ್‌ಬೇರರ್ ಅಮೆರಿಕದ ಕಡೆಯವು, ರಿಯೂನಿಯನ್ ಯುರೋಪಿನದು. ನಮಗೆ ರಿಯೂನಿಯನ್ ಹತ್ತಿರ, ಹಾಗಾಗಿ ಚುರುಕು. ನಮ್ಮ ರಾತ್ರಿ ಒಂಬತ್ತೂವರೆ ಎಂದರೆ ಲಂಡನ್ನಿನಲ್ಲಿ ಸಂಜೆ ನಾಲ್ಕೋ ಐದೋ. ಶನಿವಾರ, ಭಾನುವಾರ ಜನ ಸಿಗುತ್ತಾರೆ. ವಾರದ ದಿನಗಳಲ್ಲಿ ಖಾಲಿ ಖಾಲಿ.

ಜಾತ್ರೆಯೇ ಬೇಕು ಎನ್ನುವವರು ಎಕ್ಸೆಲ್ಸಿಯರ್ ಅಥವಾ ಎವರ್‌ಲಾಸ್ಟಿಂಗ್‌ಗೆ ಹೋಗಿ. ಎವರ್‌ಲಾಸ್ಟಿಂಗ್‌ನಲ್ಲಿ ಪಾತ್ರದ ಒಳಗೇ ಇದ್ದು ಮಾತಾಡುವವರು ಜಾಸ್ತಿ. ಆದರೆ ಅಮೆರಿಕದ ಪೂರ್ವ ಕರಾವಳಿಯ ರಾತ್ರಿ ಎಂಟು ಎಂದರೆ ನಮ್ಮ ಬೆಳಗಿನ ಐದೂವರೆ, ಚಳಿಗಾಲದಲ್ಲಿ ಆರೂವರೆ. ಸ್ವಲ್ಪ ಕಾಲ ಅದನ್ನೂ ಮಾಡಿ ನೋಡಿದೆ. ಹೊರಗೆ ಬಲೆಯವರು ಕೂಗುತ್ತ ದೋಣಿ ಎಳೆಯುವ ಹೊತ್ತು, ಒಳಗೆ ನಾನು ಚಹಾ ಲೋಟ ಹಿಡಿದು ಹ್ಯಾಮಿಡಾನ್ ಎಂಬ ದೈತ್ಯ ಅಮೀಬಾದ ಮೇಲೆ ಹತ್ತಾರು ಅಮೆರಿಕನ್ನರ ಜೊತೆ ಬಿದ್ದಿರುತ್ತಿದ್ದೆ. ಮೀನಿನವಳು ಬಾಗಿಲಲ್ಲಿ ಕರೆದಾಗ ಏಳಲಾಗದೆ ಎರಡು ಸಲ ಒಳ್ಳೆಯ ಇಸವಾಣ ಕೈತಪ್ಪಿತು. ಅಲ್ಲಿಗೆ ಅದು ಮುಗಿಯಿತು.

ವೇಷ ಮಾಡುವುದರಲ್ಲೇ ಎರಡು ತಾಸು ಹೋಯಿತು, ಆಟ ಶುರುವೇ ಆಗಲಿಲ್ಲ. ನಾನೇನಾದರೂ ತಪ್ಪು ಮಾಡುತ್ತಿದ್ದೇನೆಯೇ?

ಇಲ್ಲ. ಸರಿಯಾಗಿಯೇ ಆಡುತ್ತಿದ್ದೀರಿ.

ಈ ಆಟದ ಬಗ್ಗೆ ನನ್ನದು ಒಂದೇ ವಾದ. ಹೊಡೆದಾಟ ಸಾಧಾರಣ, ಚಿತ್ರ ಹಳತು, ಕತೆ ಅಲ್ಲಲ್ಲಿ ಚೆನ್ನ. ಇಪ್ಪತ್ತು ವರ್ಷವಾದರೂ ಜನ ಬಿಡದಿರುವುದು ಎರಡು ಕಾರಣಕ್ಕೆ: ವೇಷ ನಿಮ್ಮದೇ, ಮತ್ತು ಜೊತೆಗಾರ ಹಿಂದೆ ಬೀಳುವುದಿಲ್ಲ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ಬೇರೆ ಆಟಗಳಲ್ಲಿ ಒಳ್ಳೆಯ ಕವಚ ಸಿಕ್ಕಿತೆಂದರೆ ಅದನ್ನೇ ತೊಡಬೇಕು. ಕೊನೆಗೆ ಎಲ್ಲರೂ ಒಂದೇ ಕಾರ್ಖಾನೆಯಲ್ಲಿ ಎರಕ ಹೊಯ್ದವರಂತೆ ಕಾಣುತ್ತಾರೆ. ಇಲ್ಲಿ ತೊಟ್ಟದ್ದಕ್ಕೂ ಬಲಕ್ಕೂ ಸಂಬಂಧವೇ ಇಲ್ಲ. ಲಂಗೋಟಿ ತೊಟ್ಟವನೂ ಉಕ್ಕಿನ ಕವಚದವನೂ ಸಮಾನ. ಹಾಗಾಗಿ ವೇಷ ಬರೀ ವೇಷವಾಗಿಯೇ ಉಳಿಯುತ್ತದೆ. ಎತ್ತರ, ಭುಜ, ಸೊಂಟ, ಗಲ್ಲ ಎಳೆದು ತಿದ್ದಬಹುದು. ತಲೆ, ಎದೆ, ಕೈಗವಸು, ಬೂಟು, ನಡುಪಟ್ಟಿ, ಬಾಲ, ರೆಕ್ಕೆ, ಎಲ್ಲಕ್ಕೂ ಬೇರೆ ಬೇರೆ ಬಣ್ಣ. ಒಬ್ಬನಿಗೇ ಹತ್ತು ವೇಷದವರೆಗೆ ಇಟ್ಟುಕೊಳ್ಳಬಹುದು.

ನನ್ನ ಮೊದಲ ಹೀರೊ ‘ಬಂಗಡೆ’. ಬೆನ್ನಿಗೆ ನೀಲಿ-ಹಸಿರು, ಹೊಟ್ಟೆಗೆ ಬೆಳ್ಳಿ. ಇದು ಸುಲಭ. ಬಂಗಡೆಯ ಬೆನ್ನಿನ ಮೇಲೆ ಉದ್ದಕ್ಕೆ ಕಪ್ಪು ಗೀಟುಗಳಿರುತ್ತವಲ್ಲ, ಅವಕ್ಕೇ ಮುಕ್ಕಾಲು ತಾಸು ಹೋಯಿತು. ಸಿಕ್ಕ ಪಟ್ಟೆ ವಿನ್ಯಾಸಗಳೆಲ್ಲ ಹುಲಿಯ ಹಾಗೆ ಕಾಣುತ್ತಿದ್ದವು. ಕೊನೆಗೆ ಪಟ್ಟೆಯ ಬಣ್ಣವನ್ನು ಕಪ್ಪಿನಿಂದ ಕಡು ನೀಲಿಗೆ ಇಳಿಸಿದ ಮೇಲೆ ಮೀನು ಬಂತು. ಮುಂಗೈಗೆ ಈಜುರೆಕ್ಕೆ ಹಚ್ಚಿದೆ. ಕಣ್ಣು ದೊಡ್ಡದು ಮಾಡಿದ್ದು ತಪ್ಪಾಯಿತು, ಹಳಸಿದ ಬಂಗಡೆಯ ಕಣ್ಣು ಕೂತುಬಿಟ್ಟಿತು. ತಾಜಾ ಮೀನಿನ ಕಣ್ಣು ಹೇಗಿರುತ್ತದೆ ಎಂದು ಹೆಂಡತಿಯೇ ಹಿಂದೆ ನಿಂತು ಹೇಳಿ ಸರಿಮಾಡಿಸಿದಳು. ಶಕ್ತಿ ಸಹಜವಾಗಿಯೇ ನೀರಿನ ಹೊಡೆತ.

ಗೆಳೆಯನದು ಬೇರೆಯೇ ಕತೆ. ಅವನು ಹವ್ಯಾಸಿ ಯಕ್ಷಗಾನ ವೇಷಧಾರಿ, ವರ್ಷಕ್ಕೆ ನಾಲ್ಕಾರು ಆಟಕ್ಕೆ ಬಣ್ಣ ಹಚ್ಚುತ್ತಾನೆ. ವೇಷ ಮಾಡುವ ಪರದೆ ತೆರೆದ ಕೂಡಲೇ “ಇದು ಚೌಕಿ ಮಾರಾಯ” ಎಂದ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ. ತಲೆಗೆ ಕಟ್ಟುವ ಕೇದಗೆ ಮುಂದಲೆ ಸಿಗಲಿಲ್ಲ. ಭುಜಕೀರ್ತಿಗೆ ಹತ್ತಿರವಾದದ್ದು ಸಿಕ್ಕಿತು. ಎದೆಕಟ್ಟಿನ ಬದಲು ಯಾವುದೋ ರೋಬೋಟಿನ ಎದೆಯ ಭಾಗ ಹಾಕಿ ಬಂಗಾರದ ಬಣ್ಣ ಕೊಟ್ಟ. ದೂರದಿಂದ ನೋಡಿದರೆ ರಾಕ್ಷಸ ವೇಷ, ಹತ್ತಿರ ಹೋದರೆ ಗ್ಯಾಸ್ ಸಿಲಿಂಡರ್. ಅವನಿಗೆ ಅದರಿಂದ ಬೇಸರವೇನೂ ಇಲ್ಲ. ಯಾವ ಮಿಷನ್ನಿಗೆ ಹೋದರೂ ಬಾಗಿಲಲ್ಲಿ ನಿಂತು ಒಂದು ಸುತ್ತು ತಿರುಗಿ, ಕುಣಿಯುವ ಆಜ್ಞೆ ಒತ್ತಿ, ಒಡ್ಡೋಲಗ ಮುಗಿಸಿಯೇ ಒಳಗೆ ಬರುವುದು. ಅಷ್ಟರಲ್ಲಿ ನಾವಿಬ್ಬರು ಮೊದಲ ಕೋಣೆ ಖಾಲಿ ಮಾಡಿರುತ್ತೇವೆ. ಅವನು ಸಸ್ಯಾಹಾರಿ. “ನಿನ್ನ ಮೀನಿನ ಪಕ್ಕ ನಿಂತು ನಾ ಮಡಿ ಹ್ಯಾಂಗೆ ಉಳಿಸಿಕೊಳ್ಳಲೋ” ಎಂಬ ಮಾತು ಈಗಲೂ ನಿಂತಿಲ್ಲ.

ಹೆಗಲ ಮೇಲಿನ ಕೇಪಿನ ಬಗ್ಗೆ ಒಂದು ಮಾತು. ಆಟ ಬಿಡುಗಡೆಯಾದಾಗ ಕೇಪ್ ಇರಲೇ ಇಲ್ಲ. ಸೂಪರ್‌ಹೀರೊ ಆಟದಲ್ಲಿ ಕೇಪಿಲ್ಲ! ಕೆಲವು ತಿಂಗಳ ಬಳಿಕ ಸೇರಿಸಿದರು. ಆದರೆ ತಡವಾದದ್ದಕ್ಕೆ ಒಂದು ಕತೆ ಹೆಣೆದರು: ರಿಕ್ಟಿ ಎಂಬ ಅನ್ಯಲೋಕದವರ ಯುದ್ಧದಲ್ಲಿ ಹೀರೊ ಒನ್ ಎಂಬವನು ಮಡಿದ, ಅವನ ಗೌರವಕ್ಕಾಗಿ ಊರಿನ ಹೀರೊಗಳು ಕೇಪ್ ತೊಡುವುದನ್ನು ಬಿಟ್ಟಿದ್ದರು, ಸೂತಕ ಹಿಡಿದವರ ಹಾಗೆ. ಲೆವೆಲ್ 20 ಮುಟ್ಟಿ ಒಂದು ಮಿಷನ್ ಮುಗಿಸಿದವರಿಗೆ ಮಾತ್ರ ಕೇಪ್ ತೊಡಲು ಅಪ್ಪಣೆ. ಈಗ ಆ ನಿರ್ಬಂಧವಿಲ್ಲ, ಮೊದಲ ದಿನವೇ ತೊಡಬಹುದು. ತಾಂತ್ರಿಕ ಕೊರತೆಯನ್ನು ಇಷ್ಟು ಚೆಂದವಾಗಿ ಮುಚ್ಚಿಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸ್ಪೈಡರ್‌ಮ್ಯಾನ್, ಹಲ್ಕ್ ಮಾಡಬಹುದೇ?

ಮಾಡಬೇಡಿ. ಹೆಸರು ಬದಲಿಸುತ್ತಾರೆ, ವೇಷ ಕಿತ್ತು ಹಾಕುತ್ತಾರೆ. ಇದಕ್ಕೊಂದು ಹಿನ್ನೆಲೆ ಇದೆ. 2004ರ ನವೆಂಬರ್‌ನಲ್ಲಿ ಮಾರ್ವೆಲ್ ಕಂಪನಿ ಕ್ರಿಪ್ಟಿಕ್ ಮತ್ತು ಎನ್‌ಸಿಸಾಫ್ಟ್ ಮೇಲೆ ದಾವೆ ಹೂಡಿತು. ಆಟಗಾರರು ಮಾರ್ವೆಲ್‌ನ ಪಾತ್ರಗಳ ನಕಲು ಮಾಡಲು ಈ ವೇಷದ ಪರದೆ ಅನುವು ಮಾಡಿಕೊಡುತ್ತಿದೆ ಎಂಬುದು ದೂರು. ಸಾಕ್ಷಿಯಾಗಿ ಕೊಟ್ಟ ಕೆಲವು ನಕಲು ಪಾತ್ರಗಳನ್ನು ಮಾರ್ವೆಲ್ ಕಡೆಯವರೇ ಸೃಷ್ಟಿಸಿದ್ದರು ಎಂದು ಬಯಲಾಗಿ, ನ್ಯಾಯಾಧೀಶರು ಅವನ್ನು ಕಡತದಿಂದ ತೆಗೆಸಿದರು. 2005ರ ಡಿಸೆಂಬರ್‌ನಲ್ಲಿ ರಾಜಿಯಾಯಿತು. ವೇಷದ ಪರದೆ ಹಾಗೆಯೇ ಉಳಿಯಿತು.

ಅಕ್ಕನ ಮಗ ಮೊದಲು ಮಾಡಿದ್ದು ಕೆಂಪು-ನೀಲಿ ಜೇಡನನ್ನೇ. “ಮಾಮ, ಯಾರು ನೋಡ್ತಾರೆ?” ಎಂದ. ಅಳಿಸಿ ಹಾಕಿಸಿದೆ. ಈಗ ಅವನದು ‘ಕಾಳಿಂಗ’, ಕಾಡಿನ ಹಸಿರು, ಬಾಲ ಇದೆ, ಜೇಡನಿಗಿಂತ ನೂರು ಪಾಲು ಮೇಲು.

ಬೇಕಾದ ಹೆಸರು ಸಿಗುತ್ತಿಲ್ಲ.

ಒಂದು ಸರ್ವರ್‌ನಲ್ಲಿ ಒಂದು ಹೆಸರು ಒಬ್ಬರಿಗೇ. ಇಂಗ್ಲಿಷಿನ ಚಂದದ ಹೆಸರುಗಳೆಲ್ಲ ಯಾವತ್ತೋ ಹೋಗಿವೆ. ಅಲ್ಲಿನವರು ಹೆಸರಿಗೆ ಪರದಾಡುವಾಗ ನಮಗೆ ಇಡೀ ಕನ್ನಡ, ಕೊಂಕಣಿ ಖಾಲಿ ಬಿದ್ದಿದೆ. ಬರೆಯುವುದು ಇಂಗ್ಲಿಷ್ ಅಕ್ಷರದಲ್ಲೇ ಆಗಬೇಕು, 20 ಅಕ್ಷರ ದಾಟಬಾರದು. ಬಂಗಡೆ, ಗುಡುಗು, ಜಡಿಮಳೆ, ಎಲ್ಲ ಮೊದಲ ಪ್ರಯತ್ನಕ್ಕೇ ಸಿಕ್ಕವು. ಅರ್ಥ ಕೇಳುವವರು ಇದ್ದೇ ಇರುತ್ತಾರೆ. ಒಬ್ಬ ಡಚ್ ಆಟಗಾರನಿಗೆ ಬಂಗಡೆ ಎಂದರೇನೆಂದು ವಿವರಿಸಲು ಹೋಗಿ ಮಾತು ಮೀನು ಸಾರಿನ ಹುಳಿ, ತೆಪ್ಪಲ ತನಕ ಹೋಗಿತ್ತು.

ಮೊದಲಿಗೆ ಯಾವ ವರ್ಗ ಒಳ್ಳೆಯದು?

ಒಬ್ಬರೇ ಆಡುವವರಿಗೆ ಸ್ಕ್ರ್ಯಾಪರ್. ಕೈಯಾರೆ ಹೊಡೆಯುತ್ತಾನೆ, ಏಟು ತಾಳುತ್ತಾನೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಟ್ಯಾಂಕರ್ ಎಲ್ಲರ ಏಟನ್ನು ತನ್ನ ಮೇಲೆ ಎಳೆದುಕೊಳ್ಳುವವನು. ಬ್ಲಾಸ್ಟರ್ ದೂರದಿಂದ ಸುಡುವವನು, ಬೇಗ ಬೀಳುವವನು. ನನ್ನ ಬಂಗಡೆ ಇದೇ ಜಾತಿ. ಕಂಟ್ರೋಲರ್ ಎದುರಾಳಿಗಳನ್ನು ಕಟ್ಟಿಹಾಕುತ್ತಾನೆ, ಡಿಫೆಂಡರ್ ನಮ್ಮವರನ್ನು ಕಾಯುತ್ತಾನೆ. ಖಳರ ಕಡೆಯಿಂದ ಬಂದ ಮಾಸ್ಟರ್‌ಮೈಂಡ್‌ಗೆ ಸ್ವಂತ ಬಂಟರ ಪಡೆ, ಮೇಲಿನ ಲೆವೆಲ್‌ಗಳಲ್ಲಿ ಆರು ಜನ. ತಂಡದೊಂದಿಗೆ ಕಿರಿದಾದ ಓಣಿಯಲ್ಲಿ ಹೋಗುವಾಗ ಇವರೆಲ್ಲ ದಾರಿಗಡ್ಡ ನಿಲ್ಲುತ್ತಾರೆ, ದಿಬ್ಬಣದ ಮಕ್ಕಳ ಹಾಗೆ.

ನನ್ನ ಸಲಹೆ: ಡಿಫೆಂಡರ್ ಮಾಡಿ, ಕೈನೆಟಿಕ್ಸ್ ಶಕ್ತಿ ಆರಿಸಿ. ‘ಸ್ಪೀಡ್ ಬೂಸ್ಟ್’ ಎಂಬುದನ್ನು ಜೊತೆಗಾರನಿಗೆ ಹಾಕಿದಿರೆಂದರೆ ಅವನು ಬಿರುಗಾಳಿಯಾಗುತ್ತಾನೆ. ಗುರುತು ಪರಿಚಯ ಇಲ್ಲದ ತಂಡಗಳೂ ನಿಮ್ಮನ್ನು ಕೈಹಿಡಿದು ಕರೆದುಕೊಳ್ಳುತ್ತವೆ.

ಸ್ಲಾಟ್ ಎಂದರೇನು? ಗೊಂದಲವಾಗುತ್ತಿದೆ.

ತೋಟದವರಿಗೆ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಶಕ್ತಿಗಳು ಮರ, ಸ್ಲಾಟ್‌ಗಳು ಗೊಬ್ಬರದ ಬುಟ್ಟಿ. ಪ್ರತಿ ಮರದ ಬುಡದಲ್ಲಿ ಮೊದಲೇ ಒಂದು ಬುಟ್ಟಿ ಬಿದ್ದಿರುತ್ತದೆ. ಲೆವೆಲ್ 50 ಮುಟ್ಟುವಷ್ಟರಲ್ಲಿ ಹಂಚಲು ಇನ್ನೂ 67 ಸಿಗುತ್ತವೆ. ಒಂದು ಮರಕ್ಕೆ ಒಟ್ಟು ಆರು ಮೀರುವಂತಿಲ್ಲ. ಒಂದೇ ಜಾತಿಯ ಗೊಬ್ಬರವನ್ನು ಮೂರಕ್ಕಿಂತ ಹೆಚ್ಚು ಸುರಿದರೆ ಫಲ ಇಳಿಯುತ್ತದೆ. ಈ ನಿಯಮ 2005ರಲ್ಲಿ ಬಂದಾಗ ಹಳಬರು ದೊಡ್ಡ ಗಲಾಟೆ ಎಬ್ಬಿಸಿದ್ದರು. ಹೊಸಬರು ಮೊದಲು ಹಾಕಬೇಕಾದ್ದು ಗುರಿ ಹೆಚ್ಚಿಸುವ ‘ಆಕ್ಯುರಸಿ’. ಹೊಡೆತ ತಾಗದಿದ್ದರೆ ಅದರ ಬಲ ಹೆಚ್ಚಿಸಿ ಏನು ಪ್ರಯೋಜನ? ತಪ್ಪಿದರೂ ಭಯವಿಲ್ಲ, ಎಲ್ಲವನ್ನೂ ಬಿಚ್ಚಿ ಮತ್ತೆ ಹಂಚುವ ಅವಕಾಶವಿದೆ.

ಹಾರುವುದೋ, ಓಡುವುದೋ?

ಲೆವೆಲ್ 4ಕ್ಕೇ ಆರಿಸಬಹುದು. ಮೊದಲೆಲ್ಲ 14ರ ತನಕ ಊರಿಡೀ ಕಾಲ್ನಡಿಗೆ ಇತ್ತು. ಹಾರಾಟ ನಿಧಾನ, ನಿಶ್ಚಿಂತೆ. ಸೂಪರ್ ಸ್ಪೀಡ್ ಚುರುಕು, ಆದರೆ ಗೋಡೆ ಬಂದರೆ ನಿಲ್ಲಬೇಕು. ಸೂಪರ್ ಜಂಪ್ ಎರಡರ ನಡುವಿನದು. ಇಲ್ಲಿ ಮಾಯವಾಗಿ ಅಲ್ಲಿ ಕಾಣಿಸಿಕೊಳ್ಳುವ ಟೆಲಿಪೋರ್ಟ್ ನಮ್ಮ ನೆಟ್ಟಿಗೆ ಹೇಳಿದ್ದಲ್ಲ.

ನಾನು ಹಾರುವವನು. ಇಂಡಿಪೆಂಡೆನ್ಸ್ ಪೋರ್ಟ್ ಎಂಬ ಬಂದರು ವಲಯವಿದೆ, ಉದ್ದಕ್ಕೆ ಹಡಗುಕಟ್ಟೆ, ಕ್ರೇನು, ನೀರಿನ ಮೇಲೆ ದೊಡ್ಡ ಸೇತುವೆ. ಕಾರವಾರದ ಬೈತಖೋಲ ಬಂದರು ನೋಡಿ ಬೆಳೆದವನಿಗೆ ಅದು ಮನೆಯಂಗಳ. ಬಹಳ ಜನ ಅದನ್ನು ಬೇಸರದ ವಲಯ ಎನ್ನುತ್ತಾರೆ, ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಬಹಳ ಹೊತ್ತು. ನಾನು ಕೆಲಸವಿಲ್ಲದೆಯೂ ಆ ಸೇತುವೆಯ ತುದಿಯಲ್ಲಿ ಹೋಗಿ ಕೂರುತ್ತಿದ್ದೆ. 2024ರ ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ನದಿಯ ಹಳೇ ಸೇತುವೆ ಲಾರಿ ಸಮೇತ ಕುಸಿದ ಮೇಲೆ ಯಾಕೋ ಅಲ್ಲಿ ಕೂರಲು ಮನಸ್ಸಾಗುವುದಿಲ್ಲ.

ನನ್ನ ಅಣ್ಣ ಲೆವೆಲ್ 50, ನಾನು 6. ಒಟ್ಟಿಗೆ ಆಡಬಹುದೇ?

ಆಡಬಹುದು. ನಾನು ಆಗ ಹೇಳಿದ ಎರಡನೇ ಕಾರಣ ಇದೇ.

ಬೇರೆ ಆಟಗಳಲ್ಲಿ ಲೆವೆಲ್ ಎನ್ನುವುದು ಜಾತಿಪಂಕ್ತಿ ಇದ್ದ ಹಾಗೆ. ಮುಂದೆ ಹೋದವನ ಜೊತೆ ಹಿಂದಿದ್ದವನು ಕೂರುವಂತಿಲ್ಲ. ಒಂದು ವಾರ ಜ್ವರ ಬಂದು ಮಲಗಿದರೆ ಗೆಳೆಯರು ದೂರ ಹೋಗಿರುತ್ತಾರೆ. ಇಲ್ಲಿ ಮೊದಲ ವರ್ಷದಿಂದಲೂ ‘ಸೈಡ್‌ಕಿಕ್’ ಎಂಬ ಏರ್ಪಾಡು ಇತ್ತು: ದೊಡ್ಡವನು ಒಬ್ಬ ಚಿಕ್ಕವನನ್ನು ಕೈಹಿಡಿದು ತನ್ನ ಎತ್ತರಕ್ಕೆ ಎತ್ತಿಕೊಳ್ಳಬಹುದಿತ್ತು. 2009ರಲ್ಲಿ ಅದನ್ನು ಇಡೀ ತಂಡಕ್ಕೆ ತಾನೇ ಆಗುವಂತೆ ಮಾಡಿದರು. ಈಗ ತಂಡದ ಮುಂದಾಳಿನ ಲೆವೆಲ್ಲೇ ಎಲ್ಲರ ಲೆವೆಲ್. ಚಿಕ್ಕವರು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಾರೆ. ದೊಡ್ಡವರು ಕೆಳಗಿಳಿಯುತ್ತಾರೆ, ಆದರೆ ಐದು ಲೆವೆಲ್ ಮೇಲಿನ ತನಕದ ಶಕ್ತಿಗಳು ಅವರ ಕೈಯಲ್ಲೇ ಇರುತ್ತವೆ. ಗಳಿಕೆ ಎಲ್ಲರಿಗೂ ಆಗುತ್ತದೆ.

ನಮ್ಮ ಮನೆಯಲ್ಲಿ ಇದರ ಅರ್ಥ ಏನೆಂದರೆ: ಅಡಿಕೆ ಕೊಯ್ಲಿನ ದಿನಗಳಲ್ಲಿ ಗೆಳೆಯ ಎರಡು ತಿಂಗಳು ನಾಪತ್ತೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನನ್ನು ಹಿಡಿದು ತರುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು. ರಾತ್ರಿ ಕೂತಲ್ಲೇ ನಿದ್ದೆ. ಅಷ್ಟರಲ್ಲಿ ಅಕ್ಕನ ಮಗ ರಜೆಯಲ್ಲಿ ಆಡಿ ಆಡಿ 50 ಮುಟ್ಟಿರುತ್ತಾನೆ. ಗೆಳೆಯ ವಾಪಸು ಬಂದ ದಿನ ಅವನದು 23. “ನನ್ನ ಬಿಟ್ಟು ಎಲ್ಲಿಗೆ ಹೋದ್ರಿ?” ಎಂದ. ಎಲ್ಲಿಗೂ ಹೋಗಿರಲಿಲ್ಲ. ಅಕ್ಕನ ಮಗ 23ಕ್ಕೆ ಇಳಿದ, ಮೂವರೂ ಹೊರಟೆವು. ಹತ್ತು ನಿಮಿಷದಲ್ಲಿ ಯಾರು ಎಷ್ಟನೇ ಲೆವೆಲ್ ಎಂಬುದೇ ಮರೆತುಹೋಗಿತ್ತು. ಇದೊಂದು ಇಲ್ಲದಿದ್ದರೆ ನಮ್ಮ ಮೂವರ ಆಟ ಮೊದಲ ಕೊಯ್ಲಿಗೇ ನಿಂತುಹೋಗುತ್ತಿತ್ತು.

ಸತ್ತರೆ ಏನಾಗುತ್ತದೆ?

ಸಾಯುವುದಿಲ್ಲ, ಆಸ್ಪತ್ರೆಗೆ ಹೋಗುತ್ತೀರಿ. ಎದ್ದಾಗ ತಲೆಯ ಮೇಲೆ ಸಾಲ ಇರುತ್ತದೆ. ತಮಾಷೆಯಲ್ಲ, ಆಟದಲ್ಲಿ ಅದರ ಹೆಸರೇ ಸಾಲ. ಅದು ತೀರುವವರೆಗೆ ಗಳಿಸಿದ ಅನುಭವದ ಅರ್ಧ ಸಾಲಕ್ಕೆ ಜಮೆ. ಆರಂಭದ ಲೆವೆಲ್‌ಗಳಲ್ಲಿ ಸಾಲವಿಲ್ಲ, ಆಮೇಲೂ ಈಗಿನ ಲೆಕ್ಕದಲ್ಲಿ ಸ್ವಲ್ಪವೇ. ಬಡ್ಡಿ ಇಲ್ಲ ಎಂದು ತಿಳಿದಾಗ ಗೆಳೆಯ “ಹಾಗಾದ್ರೆ ಇದು ಯಾವ ಸೀಮೆ ಸಾಲ?” ಎಂದ.

ಇನ್‌ಫ್ಲುಯೆನ್ಸ್ ಎಂದರೆ ಹಣವೇ?

ಹೌದು, ಕೊಳ್ಳಲು ಮಾರಲು ಅದೇ. ಆದರೆ ಹೀರೊಗಳು ದುಡ್ಡಿಗಾಗಿ ಕೆಲಸ ಮಾಡುವುದಿಲ್ಲ ಎಂಬ ಲೆಕ್ಕದಲ್ಲಿ ಅದಕ್ಕೆ ಈ ಹೆಸರು. ನಮ್ಮ ಭಾಷೆಯಲ್ಲಿ ವಶೀಲಿ. ಪುಂಡರನ್ನು ಹಿಡಿದು ಕೊಟ್ಟಷ್ಟೂ ವಶೀಲಿ ಬೆಳೆಯುತ್ತದೆ, ವಶೀಲಿ ಕೊಟ್ಟು ಸಾಮಾನು ತರುತ್ತೀರಿ. ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಖಳನಾಗಿ ಆಡಬಹುದೇ?

2005ರ ‘ಸಿಟಿ ಆಫ್ ವಿಲನ್ಸ್’ ಬಂದಾಗಿನಿಂದ. ರೋಗ್ ಐಲ್ಸ್ ಎಂಬ ದ್ವೀಪಗಳು, ಲಾರ್ಡ್ ರೆಕ್ಲೂಸ್ ಎಂಬ ದೊರೆ. ಪೇಪರು ಓದಿ ಎಲ್ಲಿ ಏನು ಕದಿಯಬಹುದೆಂದು ನೋಡಿ ಹೊರಡುವುದು, ಬ್ಯಾಂಕು ದೋಚುವುದು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಒಡೆಯುವುದು. ಕತೆಗಳು ಹೀರೊಗಳ ಕಡೆಗಿಂತ ಚೆನ್ನಾಗಿವೆ ಎಂಬುದು ನನ್ನ ಅಭಿಪ್ರಾಯ, ಜನ ಮಾತ್ರ ಕಡಿಮೆ. ಪಕ್ಷ ಬದಲಿಸುವುದು ಸುಲಭ: ಪಾಕೆಟ್ ಡಿ ಎಂಬ ಕ್ಲಬ್ಬಿನಲ್ಲಿ ಒಂದು ಲಾರಿಯ ಮೇಲೆ ಕಡಲಹಕ್ಕಿಯೊಂದು ಕೂತಿರುತ್ತದೆ. ಅದರ ಹತ್ತಿರ ಹೇಳಿದರೆ ಒಳ್ಳೆಯವನು ಕೆಟ್ಟವನಾಗುತ್ತಾನೆ, ಕೆಟ್ಟವನು ಒಳ್ಳೆಯವನಾಗುತ್ತಾನೆ. ಹಕ್ಕಿಗೆ ಯಾರ ಮೇಲೂ ತಕರಾರಿಲ್ಲ.

ನಿಮಗೆ ಈ ಆಟದಲ್ಲಿ ಹಿಡಿಸದ್ದೇನು?

ಗುಹೆ. ಮಿಷನ್‌ಗಳು ನಡೆಯುವ ಒಳಾಂಗಣಗಳು ಬೆರಳೆಣಿಕೆಯಷ್ಟು. ಅದೇ ಆಫೀಸು, ಅದೇ ಗೋದಾಮು, ಅದೇ ಗುಹೆ, ಕೋಣೆಗಳ ಜೋಡಣೆ ಮಾತ್ರ ಬೇರೆ. ಗುಹೆಗಳಲ್ಲಿ ಒಂದು ಕೋಣೆ ಇದೆ, ಆಟಗಾರರೆಲ್ಲ ಅದನ್ನು ‘ಲೇಯರ್ ಕೇಕ್’ ಎಂದು ಶಪಿಸುತ್ತಾರೆ. ಅಂತಸ್ತಿನ ಮೇಲೆ ಅಂತಸ್ತು, ಸುತ್ತಿ ಸುತ್ತಿ ಹೋಗುವ ಇಳಿಜಾರು, ಯಾವ ಬಾಯಿ ಯಾವ ಕಡೆಗೆ ಎಂದು ತಿಳಿಯುವುದಿಲ್ಲ. ನಕ್ಷೆಯಲ್ಲಿ ಎಲ್ಲ ಅಂತಸ್ತುಗಳೂ ಒಂದರ ಮೇಲೊಂದು ಕಾಣುತ್ತವೆ. ಒಮ್ಮೆ ಗೆಳೆಯ ಅಲ್ಲಿ ಕಳೆದುಹೋದ. ನಾವು ಮಿಷನ್ ಮುಗಿಸಿ ಹೊರಗೆ ಬಂದರೂ ಅವನು “ಮೇಲಿದ್ದೀರೋ ಕೆಳಗಿದ್ದೀರೋ?” ಎಂದು ಬರೆಯುತ್ತಲೇ ಇದ್ದ. ಯಾಣದ ಬಂಡೆಗಳ ಸಂದಿಯಲ್ಲಿ ದಾರಿ ತಪ್ಪದವನು.

ಇನ್ನೊಂದು, 50 ಮುಟ್ಟಿದ ಮೇಲೆ ಮಾಡುವುದು ಕಡಿಮೆ. ಹಳಬರು ಆಗ ಏನು ಮಾಡುತ್ತಾರೆಂದರೆ ಇನ್ನೊಬ್ಬನನ್ನು ಸೃಷ್ಟಿಸುತ್ತಾರೆ. ಒಂದು ಸರ್ವರ್‌ನಲ್ಲಿ ಸಾವಿರ ಪಾತ್ರಗಳಿಗೆ ಜಾಗವಿದೆ. ಗೆಳೆಯ ಈಗ ಇಪ್ಪತ್ತೇಳನೆಯದರಲ್ಲಿದ್ದಾನೆ, ಅವರಲ್ಲಿ ಲೆವೆಲ್ 10 ದಾಟಿದವರು ಮೂವರು. ಉಳಿದವರೆಲ್ಲ ಬಣ್ಣ ಹಚ್ಚಿಕೊಂಡು ಚೌಕಿಯಲ್ಲೇ ಕೂತಿದ್ದಾರೆ.

ಡಿಸಿ ಯೂನಿವರ್ಸ್ ಆನ್‌ಲೈನ್ ಆಡಬಾರದೇ? ಅದರಲ್ಲಿ ಬ್ಯಾಟ್‌ಮ್ಯಾನ್ ಇದ್ದಾನೆ.

ಆಡಿ. 2011ರ ಜನವರಿಯಲ್ಲಿ ಬಂದದ್ದು, ಆ ವರ್ಷದ ಕೊನೆಗೇ ಉಚಿತವಾಯಿತು. ಬ್ಯಾಟ್‌ಮ್ಯಾನ್ ಇದ್ದಾನೆ, ಆದರೆ ನೀವು ಅವನಲ್ಲ, ಅವನ ಶಿಷ್ಯ. ಗಾಥಮ್, ಮೆಟ್ರೊಪೊಲಿಸ್ ಎರಡೂ ನೋಡಲು ಚೆಂದ. ಹೊಡೆದಾಟ ಚುರುಕು, ಒಂದೊಂದು ಏಟಿಗೂ ಮೌಸ್ ಒತ್ತಬೇಕು. ನೆಟ್ ಕೈಕೊಟ್ಟಾಗ ತೊಂದರೆ ಆಗುವುದು ಅಲ್ಲೇ. ಲೆವೆಲ್ 30ರ ಬಳಿಕ ಉಡುಪಿನ ಬಲ ಏರಿಸುತ್ತ ಹೋಗುವ ಓಟ. ಕುಮಟೆಯ ಹುಡುಗನಿಗೆ ಅದೇ ಇಷ್ಟ, ಅವನ ಫೈಬರ್ ಕನೆಕ್ಷನ್ ಒಳ್ಳೆಯದಿದೆ.

ಚಾಂಪಿಯನ್ಸ್ ಆನ್‌ಲೈನ್ 2009ರದು, ಕ್ರಿಪ್ಟಿಕ್‌ನದೇ. ಮಾರ್ವೆಲ್ ಪಾತ್ರಗಳ ಆಟ ಮಾಡಲು ಹೊರಟು, ಆ ಯೋಜನೆ 2008ರಲ್ಲಿ ನಿಂತಾಗ ಹಳೇ ಕಾಗದ-ಪೆನ್ಸಿಲ್ ಆಟವೊಂದರ ಹಕ್ಕು ಕೊಂಡು ಇದನ್ನು ಮಾಡಿದರು. ವೇಷದ ಪರದೆ ಇದರಲ್ಲಿ ಇನ್ನೂ ವಿಸ್ತಾರ. ನಿಮ್ಮ ಬದ್ಧವೈರಿಯನ್ನೂ ನೀವೇ ಸೃಷ್ಟಿಸಬಹುದು, ಇದು ನಿಜಕ್ಕೂ ಒಳ್ಳೆಯ ಯೋಚನೆ. ಊರು ಮಾತ್ರ ಖಾಲಿ.

ಮಕ್ಕಳಿಗೆ ಕೊಡಬಹುದೇ?

ರಕ್ತ ಇಲ್ಲ, ಅಶ್ಲೀಲ ಇಲ್ಲ. ಹದಿಮೂರು ದಾಟಿದವರಿಗೆ ಎಂದೇ ಅಮೆರಿಕದಲ್ಲಿ ವರ್ಗೀಕರಿಸಿದ್ದು. ಸಾರ್ವಜನಿಕ ಚಾಟ್ ಬೇಡವಾದರೆ ಮುಚ್ಚಿಡಬಹುದು. ಚಿಕ್ಕವರಾದರೆ ಪಕ್ಕದಲ್ಲಿ ಕೂತು ಆಡಿಸಿ, ವೇಷ ಅವರಿಂದ ಮಾಡಿಸಿ. ನೆರೆಮನೆಯ ಏಳು ವರ್ಷದ ಹುಡುಗಿ ಮಾಡಿಕೊಟ್ಟ ಗುಲಾಬಿ ಬಣ್ಣದ ದೈತ್ಯನನ್ನು ನಾನು ಈಗಲೂ ಆಡುತ್ತಿದ್ದೇನೆ.

ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆಯೇ? ನಿಮ್ಮನ್ನು ಎಲ್ಲಿ ಹುಡುಕಬೇಕು?

ಆಟದ ಚಾಟ್‌ನಲ್ಲಿ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇವೆ, ಮಾತು ಫೋನಿನಲ್ಲಿ. ರಿಯೂನಿಯನ್ ಸರ್ವರ್, ಶನಿವಾರ ರಾತ್ರಿ ಒಂಬತ್ತೂವರೆ, ಅಟ್ಲಾಸ್ ಪಾರ್ಕಿನಲ್ಲಿ ಭೂಗೋಲ ಹೊತ್ತ ಪ್ರತಿಮೆ ಇದೆಯಲ್ಲ, ಅದರ ಕಾಲಬುಡದಲ್ಲಿ. ಒಂದು ಮೀನು, ಒಂದು ಹಾವು, ಪಕ್ಕದಲ್ಲಿ ಕುಣಿಯುತ್ತಿರುವ ಒಂದು ಗ್ಯಾಸ್ ಸಿಲಿಂಡರ್. ಮೂರನೆಯದು ಕಾಣದಿದ್ದರೆ ಹತ್ತು ನಿಮಿಷ ಕಾಯಿರಿ, ಅಟ್ಟ ಹತ್ತುತ್ತಿರುತ್ತಾನೆ.